ಒಣಗಲಿಕ್ಕೊಂದು ಒಲೆ

ಮಡಚಿದರೆ ಎರಡು ಬೆರಳು ದಪ್ಪಕ್ಕೆ ಇಳಿಯುವ ಐದಾರು ಟೈಟಾನಿಯಂ ತಗಡು, ಹೊಗೆಕೊಳವೆಯಾಗಲು ಸುರುಳಿ ಸುತ್ತಿಟ್ಟ ಒಂದು ತೆಳು ಹಾಳೆ, ನಾಲ್ಕು ಕಾಲು, ಕೆಲವು ತಂತಿಬಳೆ. ಹಗುರ ಡೇರೆಯೊಳಗೆ ಉರಿಸುವ ಸೌದೆ ಒಲೆಯನ್ನು ಬಿಚ್ಚಿ ಹರವಿದರೆ ಸಿಗುವುದು ಇಷ್ಟೇ. ಕೊಳವೆಯೂ ಸೇರಿ ಒಂದೂವರೆ ಕಿಲೋ ತೂಗಬಹುದು. ಅದು ಬೆಚ್ಚಗಿಡಬೇಕಾದ ಡೇರೆ ಸಿಲಿಕೋನ್ ಲೇಪಿಸಿದ ನೈಲಾನಿನದು. ಮೂವರು ನಾಲ್ವರು ಮಲಗುವಷ್ಟು ದೊಡ್ಡದಾದರೂ ನಡುಗಂಬ ಸಹಿತ ಮೂರು ಕಿಲೋ ಆಸುಪಾಸು. ಮೈನಸ್ ಮೂವತ್ತು ಡಿಗ್ರಿಯ ರಾತ್ರಿಗೆ ಈ ನಾಲ್ಕೂವರೆ ಕಿಲೋ ಸಾಮಾನು ಸಾಕೇ ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಸಾಕು, ಆದರೆ ಹೊರಡುವ ಮುನ್ನ ಅಂದುಕೊಂಡ ಕಾರಣಕ್ಕಲ್ಲ.

ಅಮೆರಿಕದ ಮಿನೆಸೋಟ ರಾಜ್ಯ ಕೆನಡಾಕ್ಕೆ ತಾಗುವ ಕಡೆ ಬೌಂಡರಿ ವಾಟರ್ಸ್ ಎಂಬ ಕಾಡಿದೆ. ಸುಮಾರು 4,400 ಚದರ ಕಿಲೋಮೀಟರ್ ವಿಸ್ತಾರ, ಸಾವಿರಕ್ಕೂ ಮಿಕ್ಕ ಸರೋವರಗಳು. 1964ರ ವನ್ಯಪ್ರದೇಶ ಕಾಯ್ದೆಯ ರಕ್ಷಣೆಗೆ ಬಂದ ಈ ನೆಲಕ್ಕೆ 1978ರಲ್ಲಿ ಇನ್ನೊಂದು ಕಾಯ್ದೆ ಬಂತು. ಬಹುಪಾಲು ನೀರಿನ ಮೇಲೆ ಯಂತ್ರದ ಸದ್ದು ನಿಂತಿತು. ಬೇಸಿಗೆಯಲ್ಲಿ ದೋಣಿ ಹೊತ್ತ ಜನ ಇಲ್ಲಿಗೆ ಸಾಲುಗಟ್ಟುತ್ತಾರೆ, ಒಂದೊಂದು ದಾರಿಗೆ ದಿನಕ್ಕೆ ಇಷ್ಟೇ ತಂಡ ಎಂಬ ಲೆಕ್ಕವಿದೆ. ಅಕ್ಟೋಬರಿನಿಂದ ಏಪ್ರಿಲ್ ಕೊನೆಯವರೆಗೆ ಆ ಲೆಕ್ಕ ಇಲ್ಲ. ಪರವಾನಗಿ ಚೀಟಿಯನ್ನು ತಾನೇ ತುಂಬಿಕೊಂಡು ಒಳಗೆ ಹೋಗಬಹುದು. ಬರುವವರೇ ಕಡಿಮೆ ಇರುವಾಗ ತಡೆಯುವ ಪ್ರಶ್ನೆ ಎಲ್ಲಿಯದು?

ಕಾಡಿನ ಬಾಗಿಲಲ್ಲಿ ಈಲಿ ಎಂಬ ಊರು. ಒಂದು ಕಾಲಕ್ಕೆ ಕಬ್ಬಿಣದ ಅದಿರಿನ ಗಣಿಗಳಿಂದ ಬದುಕಿದ್ದ ಊರಿದು. ಕೊನೆಯ ಗಣಿ 1967ರಲ್ಲಿ ಮುಚ್ಚಿತು. ಈಗ ದೋಣಿ, ಮೀನು, ನಾಯಿಬಂಡಿಗಳ ಊರು. 1986ರಲ್ಲಿ ದಾರಿಯಲ್ಲಿ ಎಲ್ಲೂ ಹೊಸ ಸರಕು ತರಿಸಿಕೊಳ್ಳದೆ ನಾಯಿಬಂಡಿಗಳಲ್ಲಿ ಉತ್ತರ ಧ್ರುವ ಮುಟ್ಟಿದ ವಿಲ್ ಸ್ಟೀಗರ್ ತಂಡ ಪಳಗಿದ್ದು ಈ ಸುತ್ತಿನ ಹಿಮದಲ್ಲೇ. ಹತ್ತಿರದ ಟವರ್ ಎಂಬಲ್ಲಿ 1996ರ ಫೆಬ್ರುವರಿ 2ರಂದು ಉಷ್ಣಾಂಶ ಮೈನಸ್ 51 ಡಿಗ್ರಿ ಸೆಲ್ಸಿಯಸ್‌ಗೆ ಇಳಿದದ್ದು ಇಂದಿಗೂ ರಾಜ್ಯದ ದಾಖಲೆ. ಈಲಿಯ ಜನ ಆ ಅಂಕಿಯನ್ನು ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆ ಕೂಡ ಇರುತ್ತದೆ.

ಮಿನಿಯಾಪೊಲಿಸ್‌ನಿಂದ ಇಲ್ಲಿಗೆ ಕಾರಿನಲ್ಲಿ ನಾಲ್ಕು ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ. ಜನವರಿಯ ಕೊನೆಯಲ್ಲಿ ಆ ದಾರಿ ಹಿಡಿದು ಬಂದವರು ಇಬ್ಬರು ಕನ್ನಡಿಗರು. ಒಬ್ಬರು ತೀರ್ಥಹಳ್ಳಿ ಕಡೆಯ ಹಿರಿಯರು, ಮಿನೆಸೋಟದಲ್ಲಿ ಕೂದಲು ಹಣ್ಣಾದವರು. ಇನ್ನೊಬ್ಬ ಧಾರವಾಡದ ಹುಡುಗ, ಬಂದು ಹೆಚ್ಚು ದಿನವಾಗಿರಲಿಲ್ಲ. ಈಲಿಯಲ್ಲಿ ಅವರನ್ನು ಕೂಡಿಕೊಂಡ ಮಾರ್ಗದರ್ಶಿ ಅರವತ್ತು ದಾಟಿದ ಹೆಂಗಸು. ಆಕೆ ಮೊದಲು ಮಾಡಿದ ಕೆಲಸ ಇಬ್ಬರ ಚೀಲವನ್ನೂ ಮೇಜಿನ ಮೇಲೆ ಸುರಿಸಿದ್ದು. ಜೀನ್ಸ್ ಒಂದು ಕಡೆಗೆ ಹೋಯಿತು, ಬನಿಯನ್ನು, ಹತ್ತಿಯ ಕಾಲುಚೀಲ ಅದರ ಮೇಲೆ ಬಿದ್ದವು, ತೀರ್ಥಹಳ್ಳಿಯವರು ಎಲ್ಲಿಗೆ ಹೋದರೂ ಬಿಡದ ಹತ್ತಿಯ ಪಂಚೆಯೂ ರಾಶಿಗೆ ಸೇರಿತು. ಹತ್ತಿ ಬೆವರು ಕುಡಿದು ಬಿಡುವುದಿಲ್ಲ, ಒದ್ದೆಯಾದರೆ ಮೈಯ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಉಣ್ಣೆಯಾದರೆ ಒದ್ದೆಯಾದರೂ ಸ್ವಲ್ಪ ಮಾನ ಕಾಯುತ್ತದೆ. ದಪ್ಪ ಜಾಕೆಟ್ಟುಗಳ ಬಗ್ಗೆ ಆಕೆ ಒಂದು ಮಾತೂ ಕೇಳಲಿಲ್ಲ. ಕೇಳಿದ್ದೆಲ್ಲ ಮೈಗೆ ತಾಗುವ ಬಟ್ಟೆಯ ಬಗ್ಗೆ. ಚಳಿಗೆ ಹೆದರುವುದಕ್ಕಿಂತ ನೀರಿಗೆ ಹೆದರುವ ಪಾಠ ಅಲ್ಲಿಂದಲೇ ಶುರುವಾಯಿತೆನ್ನಬಹುದು.

ಸ್ನೋಬ್ಯಾಂಕ್ ಸರೋವರದ ದಡದಲ್ಲಿ ಕಾರು ನಿಂತಿತು. ಮುಂದೆ ರಸ್ತೆ ಇಲ್ಲ, ಹೆಪ್ಪುಗಟ್ಟಿದ ನೀರೇ ರಸ್ತೆ. ನಡೆಯುವವರಿಗೆ ಕನಿಷ್ಠ ನಾಲ್ಕು ಅಂಗುಲ ಗಟ್ಟಿ ಮಂಜುಗಡ್ಡೆ ಇರಬೇಕೆಂದು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ಜನವರಿ ಕೊನೆಗೆ ಅದರ ಎಷ್ಟೋ ಪಟ್ಟು ಇರುತ್ತದೆ. ಅಪಾಯ ಇರುವುದು ಎರಡು ಸರೋವರ ಕೂಡುವ ಕಿರಿದಾದ ಜಾಗಗಳಲ್ಲಿ. ಅಲ್ಲಿ ಕೆಳಗೆ ನೀರು ಹರಿಯುತ್ತಲೇ ಇದ್ದು ಗಡ್ಡೆಯನ್ನು ಅಡಿಯಿಂದ ಸವೆಸುತ್ತದೆ. ಮಾರ್ಗದರ್ಶಿ ಅಂಥ ಕಡೆ ದಡ ಹತ್ತಿ ಕಾಡಿನೊಳಗೆ ಸುತ್ತಿ ಬಂದಳು. ಸುತ್ತು ಯಾಕೆಂದು ಕೇಳಿದ್ದಕ್ಕೆ ಉದ್ದನೆಯ ಉಳಿಯಿಂದ ಗಡ್ಡೆಯನ್ನು ನಾಲ್ಕು ಸಲ ಕುಟ್ಟಿ ತೋರಿಸಿದಳು. ನಾಲ್ಕನೆಯದಕ್ಕೆ ನೀರು ಚಿಮ್ಮಿತು.

ಸಾಮಾನೆಲ್ಲ ಟೊಬಾಗನ್ ಎಂಬ ಉದ್ದನೆಯ ಜಾರುಹಲಗೆಯ ಮೇಲೆ. ಸೊಂಟಕ್ಕೆ ಕಟ್ಟಿದ ಹಗ್ಗದಿಂದ ಅದನ್ನು ಎಳೆಯುತ್ತ, ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಸ್ನೋಶೂ ಕಟ್ಟಿಕೊಂಡು ನಡೆಯಬೇಕು. ಮೈನಸ್ ಇಪ್ಪತ್ತೆರಡರಲ್ಲಿ ಹೊರಟ ಹುಡುಗ ಹತ್ತು ನಿಮಿಷಕ್ಕೆ ಟೋಪಿ ತೆಗೆದ, ಇನ್ನೈದು ನಿಮಿಷಕ್ಕೆ ಜಾಕೆಟ್ಟು ಬಿಚ್ಚಬೇಕಾಯಿತು. ಬೆವರುವಷ್ಟು ಜೋರಾಗಿ ನಡೆಯಬಾರದು, ಬೆವರು ಮೂಡುವ ಮೊದಲೇ ಬಟ್ಟೆ ಕಳಚಬೇಕು, ನಿಂತ ಕೂಡಲೇ ಮತ್ತೆ ಹಾಕಬೇಕು. ಕೇಳಲು ಸುಲಭ. ಮಾಡುವವರಿಗೆ ಗೊತ್ತು, ಇಡೀ ಹಗಲು ಗುಂಡಿ ಹಾಕುವುದು ತೆಗೆಯುವುದರಲ್ಲೇ ಕಳೆಯುತ್ತದೆ.

ಸರೋವರದ ನಡುವಿಗೆ ಬಂದಾಗ ಸ್ನೋಶೂ ಭಾರವಾಯಿತು. ಬಿಳಿ ಹಿಮದಡಿ ಬೂದುಬಣ್ಣದ ಕೆಸರಿನಂಥ ನೀರು. ಮೇಲೆ ಬಿದ್ದ ಹಿಮದ ತೂಕಕ್ಕೆ ಗಡ್ಡೆ ಕೆಳಗೆ ಕುಸಿಯುತ್ತದೆ, ಬಿರುಕುಗಳಿಂದ ನೀರು ಮೇಲೇರುತ್ತದೆ, ಹಿಮದ ಹೊದಿಕೆ ಅದನ್ನು ಹೆಪ್ಪುಗಟ್ಟದಂತೆ ಬೆಚ್ಚಗಿಡುತ್ತದೆ. ಮೈನಸ್ ಇಪ್ಪತ್ತರಲ್ಲೂ ಕಾಲು ಒದ್ದೆಯಾಗುವುದು ಹೀಗೆ. ಅದರಿಂದ ಹೊರಬಂದ ಮರುಗಳಿಗೆಯೇ ಸ್ನೋಶೂ, ಟೊಬಾಗನ್ನಿನ ಅಡಿ ಎಲ್ಲ ಗಟ್ಟಿಯಾಗಿ ಒಂದೊಂದೂ ಎರಡರಷ್ಟು ತೂಗತೊಡಗುತ್ತದೆ. ಚಾಕುವಿನಿಂದ ಕೆರೆದು ತೆಗೆಯದೆ ಹೆಜ್ಜೆ ಸಾಗುವುದಿಲ್ಲ. ಹುಡುಗನ ಬೂಟಿನೊಳಗೆ ನೀರು ಹೋಗಿತ್ತು. ಮಾರ್ಗದರ್ಶಿಯದು ಮಕ್‌ಲಕ್, ದಪ್ಪ ಬಟ್ಟೆಯ ಮೇಲುಭಾಗ ಮತ್ತು ಮೂಸ್ ಎಂಬ ಸಾರಂಗದ ಚರ್ಮದ ಅಡಿಯಿರುವ ಪಾದರಕ್ಷೆ. ಒಣ ಚಳಿಗೆ ಅದಕ್ಕಿಂತ ಒಳ್ಳೆಯದಿಲ್ಲ, ಆದರೆ ಈ ಕೆಸರಿಗೆ ಅದರಷ್ಟು ನಿರುಪಯೋಗಿ ಇನ್ನೊಂದಿಲ್ಲ. ಆಕೆಯ ಎಡಗಾಲೂ ತೋಯ್ದಿತ್ತು. ಆಕೆ ಗಾಬರಿಯಾಗಲಿಲ್ಲ, ಗಡಿಯಾರ ನೋಡಿ, ಬಿಡಾರ ಇನ್ನು ಎಷ್ಟು ದೂರ ಎಂದಷ್ಟೇ ಲೆಕ್ಕ ಹಾಕಿದಳು.

ದಾರಿಯಲ್ಲಿ ಒಬ್ಬನೇ ಒಬ್ಬ ಮನುಷ್ಯ ಸಿಕ್ಕಿದ. ತಲೆಕೆಳಗಾದ ಬಕೆಟ್ಟಿನ ಮೇಲೆ ಗಾಳಿಗೆ ಬೆನ್ನುಕೊಟ್ಟು ಕೂತು, ಕೈಯಿಂದ ತಿರುವುವ ಬೈರಿಗೆಯಲ್ಲಿ ಕೊರೆದ ತೂತಿನೊಳಗೆ ಗಾಳ ಇಳಿಬಿಟ್ಟಿದ್ದ. ಲೇಕ್ ಟ್ರೌಟ್ ಎಂಬ ಆಳದ ಮೀನು ಸಿಗುವ ಸರೋವರಗಳಲ್ಲಿ ಸ್ನೋಬ್ಯಾಂಕೂ ಒಂದು. ತೂತಿನ ಬಾಯಿಗೆ ಕಟ್ಟುತ್ತಿದ್ದ ಪೊರೆಯನ್ನು ಜಾಲರಿ ಸೌಟಿನಿಂದ ಆಗಾಗ ತೆಗೆಯುತ್ತ, ಇವರು ಎಲ್ಲಿ ಬಿಡಾರ ಹೂಡುತ್ತಾರೆಂದು ಕೇಳಿದ. ಒಲೆ ಇದೆಯೇ ಎಂದ. ಇದೆ ಎಂದಾಗ ಹಾಗಾದರೆ ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿ, ಪಕ್ಕದಲ್ಲಿ ಕೊರಡಿನಂತೆ ಬಿದ್ದಿದ್ದ ಎರಡು ಮೀನಿನಲ್ಲಿ ಒಂದನ್ನು ಟೊಬಾಗನ್ನಿನ ಮೇಲೆ ಇಟ್ಟ. ಅವನು ಎಲ್ಲಿಯವನು, ಇವರು ಯಾವ ದೇಶದವರು ಎಂಬ ಮಾತೇ ಬರಲಿಲ್ಲ. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರು ಮೊದಲು ಊರು ಕೇಳುತ್ತಾರೆ, ಆಮೇಲೆ ಯಾರ ಪೈಕಿ ಎಂದು. ಅಲ್ಲಿ ಕೇಳಿದ್ದು ಒಲೆಯನ್ನು.

ಬಿಡಾರ ಹೂಡುವುದು ಎಂದರೆ ಮೊದಲು ನೆಲ ಮಾಡುವುದು. ತೊಡೆಮಟ್ಟದ ಹಿಮವನ್ನು ಸ್ನೋಶೂ ಕಾಲಿನಿಂದ ತುಳಿದು ತುಳಿದು ಗಟ್ಟಿ ಮಾಡಿ, ಅರ್ಧ ಮುಕ್ಕಾಲು ಗಂಟೆ ಸುಮ್ಮನೆ ಬಿಡಬೇಕು. ಮುರಿದ ಹರಳುಗಳು ಒಂದಕ್ಕೊಂದು ಬೆಸೆದುಕೊಂಡು ಆಗ ಗಾರೆ ನೆಲದಷ್ಟು ಗಟ್ಟಿಯಾಗುತ್ತದೆ. ಮಾಮೂಲಿ ಗೂಟ ಇಲ್ಲಿ ನಿಲ್ಲುವುದಿಲ್ಲ. ಡೇರೆಯ ಹಗ್ಗವನ್ನು ಒಂದು ಕೋಲಿಗೆ ಸುತ್ತಿ, ಕೋಲನ್ನು ಅಡ್ಡಲಾಗಿ ಹಿಮದಲ್ಲಿ ಹೂತು ತುಳಿದರೆ ಬೆಳಗ್ಗೆ ಕೊಡಲಿ ಇಲ್ಲದೆ ಬಿಡಿಸಲಾಗುವುದಿಲ್ಲ. ಒಲೆಯ ಕೆಳಗೆ ಹಸಿ ಹಿಡಿದ ಎರಡು ದಪ್ಪ ಕೊರಡು ಹಾಸಬೇಕು. ಹಾಸದಿದ್ದರೆ ಒಲೆ ತನ್ನ ಬಿಸಿಗೆ ತಾನೇ ಹಿಮ ಕರಗಿಸಿಕೊಂಡು ಮುಳುಗಿ ವಾಲುತ್ತದೆ, ಕೊಳವೆ ಡೇರೆಯ ಬಟ್ಟೆಗೆ ತಾಗುತ್ತದೆ. ಕೊಳವೆ ಹಾದುಹೋಗುವಲ್ಲಿ ಗಾಜಿನ ನಾರಿನ ತೇಪೆ ಇರುತ್ತದೆ, ಬಿಸಿಗೆ ಜಗ್ಗುವುದಿಲ್ಲ. ಉಳಿದ ಬಟ್ಟೆಗೆ ಒಂದು ಕಿಡಿ ಸಾಕು, ತೂತು ಬೀಳಲು.

ಒಂದೇ ಕಂಬದ ಈ ಶಂಕುವಿನಾಕಾರಕ್ಕೆ ಒಂದು ಇತಿಹಾಸವಿದೆ. ಅಮೆರಿಕ ಸೇನೆಯ ಅಧಿಕಾರಿ ಹೆನ್ರಿ ಹಾಪ್ಕಿನ್ಸ್ ಸಿಬ್ಲಿ, ಬಯಲುನಾಡಿನ ಮೂಲನಿವಾಸಿಗಳ ಟೀಪಿ ಎಂಬ ಗುಡಾರ ನೋಡಿ 1856ರಲ್ಲಿ ಇಂಥ ಡೇರೆಗೆ ಪೇಟೆಂಟ್ ಪಡೆದ. ಅದರ ನಡುವೆ ಇಡಲು ಶಂಕುವಿನಾಕಾರದ ತಗಡಿನ ಒಲೆಯೂ ಅವನ ಹೆಸರಿನದೇ. ಅಂತರ್ಯುದ್ಧದಲ್ಲಿ ಸಿಬ್ಲಿ ದಕ್ಷಿಣದವರ ಕಡೆ ಸೇರಿದ. ಉತ್ತರದ ಸೇನೆ ಅವನ ಡೇರೆಯನ್ನು ಸಾವಿರಾರು ಸಂಖ್ಯೆಯಲ್ಲಿ ಹೊಲಿಸಿಕೊಂಡು ಅವನಿಗೆ ಮಾತ್ರ ರಾಯಧನ ಕೊಡಲಿಲ್ಲ. ಟೀಪಿಯವರಿಗೆ ಸಿಬ್ಲಿ ಏನು ಕೊಟ್ಟಿದ್ದ ಎಂದು ಕೇಳಿದರೆ ಈ ಲೆಕ್ಕ ಸರಿಹೋಯಿತೆಂದೇ ಹೇಳಬೇಕು. ಇದಕ್ಕೆ ಬೇರೆಯಾಗಿ ಉತ್ತರದ ಕಾಡುಗಳಲ್ಲಿ, ಲ್ಯಾಬ್ರಡಾರ್ ಕ್ವಿಬೆಕ್‌ಗಳ ‘ಇನ್ನು’ ಮತ್ತು ‘ಕ್ರೀ’ ಎಂಬ ಜನ, ವ್ಯಾಪಾರದ ಕೋಠಿಗಳಿಂದ ಬಂದ ಕ್ಯಾನ್ವಾಸು ಮತ್ತು ತಗಡಿನ ಒಲೆಯನ್ನು ತಮ್ಮ ಚಳಿಗಾಲದ ತಿರುಗಾಟಕ್ಕೆ ಒಗ್ಗಿಸಿಕೊಂಡರು. ಬೌಂಡರಿ ವಾಟರ್ಸ್ ಇರುವ ನೆಲ ಒಜಿಬ್ವೆ ಜನರದು. 1854ರ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟರೂ ಬೇಟೆ, ಮೀನು, ಕಾಡುಕೊಯ್ಲಿನ ಹಕ್ಕನ್ನು ಅವರು ಉಳಿಸಿಕೊಂಡಿದ್ದಾರೆ. ಅವರ ಚಳಿಗಾಲದ ಮನೆ ಬರ್ಚ್ ತೊಗಟೆ ಮತ್ತು ಜೊಂಡಿನ ಚಾಪೆಗಳ ವಿಗ್ವಾಮ್, ನಡುವೆ ಬೆಂಕಿ, ಮೇಲೆ ಹೊಗೆಗಂಡಿ.

ಮಾರ್ಗದರ್ಶಿಯ ಸ್ವಂತ ಡೇರೆ ಹತ್ತಿಯ ಕ್ಯಾನ್ವಾಸಿನದು, ಒಲೆಯೂ ಉಕ್ಕಿನದು. ಅದು ಉಸಿರಾಡುತ್ತದೆ, ಒಳಗಿನ ಹಬೆ ಬಟ್ಟೆಯಿಂದಲೇ ಹೊರಗೆ ಹೋಗುತ್ತದೆ, ಕಿಡಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಆದರೆ ಎಲ್ಲ ಸೇರಿ ಹತ್ತಾರು ಕಿಲೋ. ಈ ಸಲ ಕನ್ನಡಿಗರು ತಂದಿದ್ದ ನೈಲಾನು ಡೇರೆಯನ್ನು ಆಕೆ ಎರಡು ಬೆರಳಲ್ಲಿ ಹಿಡಿದು ನೋಡಿದ ರೀತಿಯಲ್ಲೇ ಅಭಿಪ್ರಾಯ ಇತ್ತು. ಹಗುರದ ಕಡೆಯವರೂ ಭಾರದ ಕಡೆಯವರೂ ಈ ವಿಷಯದಲ್ಲಿ ಎಂದೂ ಒಂದಾಗುವುದಿಲ್ಲ. ಬೆನ್ನು ಸೋತವರಿಗೆ ಹಗುರದ್ದೇ ಸರಿ, ಒಂದೇ ಕಡೆ ವಾರ ನಿಲ್ಲುವವರಿಗೆ ಕ್ಯಾನ್ವಾಸೇ ಸರಿ. ಇದರಲ್ಲಿ ತತ್ತ್ವ ಹುಡುಕುವುದು ವ್ಯರ್ಥ.

ಮಧ್ಯಾಹ್ನದ ಬಹುಪಾಲು ಸೌದೆಗೆ ಹೋಯಿತು. ಜೀವಂತ ಮರ ಕಡಿಯುವಂತಿಲ್ಲ, ಯಂತ್ರದ ಗರಗಸ ತರುವಂತಿಲ್ಲ. ಬಿದ್ದ ಮರವೆಲ್ಲ ಹಿಮದಡಿ ಹೂತುಹೋಗಿರುವಾಗ ಒಣ ಸೌದೆ ಗುರುತಿಸುವುದು ಒಂದು ವಿದ್ಯೆಯೇ. 1999ರ ಜುಲೈ 4ರಂದು ಬೀಸಿದ ಬಿರುಗಾಳಿ ಈ ಕಾಡಿನಲ್ಲಿ ಲಕ್ಷಾಂತರ ಎಕರೆ ಮರ ಉರುಳಿಸಿತ್ತು. ಅದರ ಕೊರಡುಗಳು ಇವತ್ತಿಗೂ ಅಲ್ಲಲ್ಲಿ ಸಿಗುತ್ತವೆ, ಹೆಚ್ಚಿನವು ಕೊಳೆತು ನೀರು ಕುಡಿದಿವೆ. ಬರ್ಚ್ ಮರದ ಮೋಸ ಬೇರೆ. ಹೊರಗಿನಿಂದ ಬೆಳ್ಳಗೆ ಚೆಂದ ಕಾಣುತ್ತದೆ. ಅದರ ತೊಗಟೆ ನೀರು ಹೊರಗೆ ಬಿಡದ ಕಾರಣ ಸತ್ತ ಬರ್ಚ್ ಒಳಗೇ ಲಡ್ಡಾಗಿರುತ್ತದೆ. ಆ ತೊಗಟೆಯನ್ನೇ ಸುಲಿದು ಕಡ್ಡಿ ಗೀರಿದರೆ ಮಾತ್ರ ಒದ್ದೆಯಿದ್ದರೂ ಎಣ್ಣೆ ಹಚ್ಚಿದ ಬತ್ತಿಯ ಹಾಗೆ ಕಪ್ಪು ಹೊಗೆಯೊಡನೆ ಹತ್ತಿಕೊಳ್ಳುತ್ತದೆ. ಮಾರ್ಗದರ್ಶಿ ಹುಡುಕಿದ್ದು ನೆಲಕ್ಕೆ ತಾಗದೆ ಇನ್ನೊಂದು ಮರಕ್ಕೆ ಒರಗಿ ಬಿದ್ದಿದ್ದ, ತೊಗಟೆ ಉದುರಿ ಬೂದುಬಣ್ಣಕ್ಕೆ ತಿರುಗಿದ್ದ ಜಾಕ್ ಪೈನು. ಗರಗಸದಿಂದ ಒಂದು ತುಂಡು ಕೊಯ್ದು ಅದನ್ನು ಕೆನ್ನೆಗೆ ಒತ್ತಿ ನೋಡಿದಳು. ಒದ್ದೆ ಮರ ಕೆನ್ನೆಗೆ ಚುರುಗುಡುವಷ್ಟು ತಣ್ಣಗಿರುತ್ತದೆ, ಒಣ ಮರ ಅಷ್ಟು ಕೊರೆಯುವುದಿಲ್ಲ. ಎರಡು ತುಂಡನ್ನು ಒಂದಕ್ಕೊಂದು ಬಡಿದಾಗ ಟಣ್ ಎಂದಿತು. ಅಷ್ಟಾದ ಮೇಲೆ ಕೊಡಲಿ.

ಈ ಒಲೆಗೆ ತೋಳುದ್ದದ ಕಟ್ಟಿಗೆ ಹಿಡಿಸುವುದಿಲ್ಲ. ಒಂದಡಿ ಉದ್ದಕ್ಕೆ ಕೊಯ್ದು, ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಅದರಲ್ಲಿ ಕಾಲು ಭಾಗವನ್ನು ಹೆಬ್ಬೆರಳ ದಪ್ಪಕ್ಕೆ, ಇನ್ನಷ್ಟನ್ನು ಕಡ್ಡಿಯ ದಪ್ಪಕ್ಕೆ ಸೀಳಿಡಬೇಕು. ಒಂದು ಸಂಜೆ ಮತ್ತು ಒಂದು ಬೆಳಗಿಗೆ ಬೇಕಾದ ರಾಶಿ ನೋಡಿ ಹುಡುಗನಿಗೆ ನಂಬಿಕೆ ಬರಲಿಲ್ಲ. ಇಷ್ಟು ತುಂಬ ಹೆಚ್ಚಾಯಿತು ಅನ್ನಿಸಿದಾಗ ಅದನ್ನು ದುಪ್ಪಟ್ಟು ಮಾಡಿ ಎಂಬುದು ಅಲ್ಲಿಯವರ ಲೆಕ್ಕ.

ಐದು ಗಂಟೆ ಸುಮಾರಿಗೆ ಸೂರ್ಯ ಸ್ಪ್ರೂಸ್ ಮರಗಳ ಹಿಂದೆ ಹೋದ. ಆ ಹೊತ್ತಿಗೆ ಒಲೆ ಹೊತ್ತಿಸಬೇಕಾಯಿತು. ತಣ್ಣನೆಯ ಕೊಳವೆಯೊಳಗೆ ತಣ್ಣನೆಯ ಗಾಳಿ ಬಿರಟೆಯಾಗಿ ಕೂತಿರುತ್ತದೆ. ನೇರ ಕಟ್ಟಿಗೆಗೆ ಬೆಂಕಿ ಕೊಟ್ಟರೆ ಹೊಗೆ ಡೇರೆಯೊಳಗೆ. ಬರ್ಚ್ ತೊಗಟೆಯ ಒಂದು ಉರಿಯುವ ಚೂರನ್ನು ಕೊಳವೆಯ ಬುಡದಲ್ಲೇ ಹಿಡಿದು ಮೊದಲು ಅದನ್ನು ಬಿಸಿ ಮಾಡಿದಳು. ಕೊಳವೆ ಒಮ್ಮೆ ಉಸಿರೆಳೆದುಕೊಂಡ ಹಾಗೆ ಸದ್ದು ಮಾಡಿತು, ಆಮೇಲೆ ಕಡ್ಡಿ, ಚಕ್ಕೆ, ಸೀಳು. ಐದು ನಿಮಿಷಕ್ಕೆ ತೆಳು ತಗಡಿನ ಮೇಲೆ ಹೊಂಬಣ್ಣ, ನೇರಳೆ, ನೀಲಿ ಒಂದರ ಹಿಂದೊಂದು ಹರಿದವು. ಬಿಸಿಗೆ ಟೈಟಾನಿಯಂ ಮೇಲೆ ಕಟ್ಟುವ ಆಕ್ಸೈಡ್ ಪೊರೆಯ ದಪ್ಪ ಬದಲಾದ ಹಾಗೆ ಬಣ್ಣ ಬದಲಾಗುತ್ತದೆ. ಮೊದಲ ಬಾರಿ ಕಾದಾಗ ಸುರುಳಿ ಹಾಳೆ ಆ ಆಕಾರವನ್ನೇ ಹಿಡಿದುಕೊಳ್ಳುತ್ತದೆ, ಮುಂದಿನ ಸಲ ಸುತ್ತಲು ಸಲೀಸು.

ಹತ್ತು ನಿಮಿಷ ಆಗುವುದರೊಳಗೆ ಹುಡುಗ ಅಂಗಿಯ ತೋಳು ಮಡಚಿದ್ದ.

"ಅಣ್ಣಾರ, ಇಲ್ಲೆ ಶೆಕಿ ಆಗಾಕತ್ತೇತ್ರಿ."

"ಬಿಚ್ಚೋ ಮಾರಾಯ. ಇನ್ನೊಂದು ಗಳಿಗೆಗೆ ಮತ್ತೆ ಹಾಕ್ಕೊಳ್ಳೋದು ಇದ್ದೇ ಇದೆ."

ಹಿರಿಯರ ಮಾತು ಸುಳ್ಳಾಗಲಿಲ್ಲ. ಇಷ್ಟು ಚಿಕ್ಕ ಒಲೆ ಅರ್ಧ ಗಂಟೆಗೊಮ್ಮೆ ಕಟ್ಟಿಗೆ ಬೇಡುತ್ತದೆ. ಒಡ್ಡದಿದ್ದರೆ ಕಾಲು ಗಂಟೆಯಲ್ಲಿ ಡೇರೆ ಹೊರಗಿನಷ್ಟೇ ತಣ್ಣಗೆ. ಕಲ್ಲಿನ ಗೋಡೆಯಾದರೆ ಬಿಸಿ ಹಿಡಿದಿಟ್ಟೀತು. ಕಾಗದದಷ್ಟು ತೆಳು ನೈಲಾನು, ತೆಳು ತಗಡು ಏನನ್ನು ಹಿಡಿದಿಡಬೇಕು? ಅದೂ ಅಲ್ಲದೆ ಬಿಸಿ ಇರುವುದು ಮೇಲಕ್ಕೆ. ತಲೆಯ ಮಟ್ಟದಲ್ಲಿ ಕಟ್ಟಿದ ಹಗ್ಗಕ್ಕೆ ತೂಗುಹಾಕಿದ್ದ ಚೀಲದಲ್ಲಿ ಬೆಣ್ಣೆ ಕರಗಿ ಸೋರುತ್ತಿದ್ದಾಗ, ನೆಲದ ಮೇಲಿಟ್ಟ ಬಾಟಲಿಯ ನೀರಿಗೆ ಪೊರೆ ಕಟ್ಟುತ್ತಿತ್ತು. ನಡುವಿನ ಅಂತರ ಒಂದಾಳು ಎತ್ತರ ಇಲ್ಲ.

ಹಾಗಾದರೆ ಒಲೆ ಯಾಕೆ? ಆ ಹಗ್ಗವೇ ಉತ್ತರ. ಕಂಬದಿಂದ ಸುತ್ತಲೂ ಎಳೆದು ಕಟ್ಟಿದ ಹಗ್ಗದ ಮೇಲೆ ಮೂವರ ಕಾಲುಚೀಲ, ಕೈಗವಸು, ಟೋಪಿ, ಬೂಟಿನ ಒಳಪದರ, ತೋಯ್ದ ಮಕ್‌ಲಕ್ ಎಲ್ಲ ನೇತಾಡುತ್ತಿದ್ದವು, ಹಬೆಯಾಡುತ್ತಿದ್ದವು. ಒಂದು ಘನ ಮೀಟರ್ ಗಾಳಿ ಇಪ್ಪತ್ತು ಡಿಗ್ರಿಯಲ್ಲಿ ಸುಮಾರು ಹದಿನೇಳು ಗ್ರಾಂ ನೀರಾವಿ ಹಿಡಿಯಬಲ್ಲದು. ಮೈನಸ್ ಮೂವತ್ತರಲ್ಲಿ ಅರ್ಧ ಗ್ರಾಂ ಕೂಡ ಇಲ್ಲ. ಅಂದರೆ ಹೊರಗಿನ ಗಾಳಿ ಎಲುಬಿನಷ್ಟು ಒಣ. ಒಲೆ ಉರಿಯುವಾಗ ಡೇರೆಯ ಅಂಚಿನಿಂದ ಆ ಗಾಳಿಯನ್ನು ಒಳಗೆಳೆದುಕೊಂಡು ಬಿಸಿ ಮಾಡುತ್ತದೆ. ಬಿಸಿಯಾದ ಗಾಳಿ ಸಿಕ್ಕ ನೀರನ್ನೆಲ್ಲ ಕುಡಿದು ತುದಿಯ ಕಿಂಡಿಯಿಂದ ಹೊರಬೀಳುತ್ತದೆ. ಎರಡು ಗಂಟೆಯಲ್ಲಿ ಹುಡುಗನ ಬೂಟು ಒಣಗಿತ್ತು.

ಇದನ್ನು ಬಿಡಿಸಿ ಹೇಳುವ ಅಗತ್ಯ ತೀರ್ಥಹಳ್ಳಿಯವರಿಗೆ ಬೀಳಲಿಲ್ಲ. ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಅಡ್ಡಗಳು ಕಟ್ಟಿ, ಶಾಲೆಯ ಅಂಗಿ ಚಡ್ಡಿಗಳನ್ನು ಹೊಗೆವಾಸನೆ ಸಮೇತ ಒಣಗಿಸಿ ಹಾಕಿಕೊಂಡು ಹೋದವರೇ ಎಲ್ಲ. ಅಲ್ಲಿ ಉಷ್ಣಾಂಶ ಇಪ್ಪತ್ತರ ಹತ್ತಿರವಿದ್ದರೂ ಗಾಳಿಯೇ ನೀರು. ಇಲ್ಲಿ ಮೈನಸ್ ಮೂವತ್ತಾದರೂ ಗಾಳಿಯಲ್ಲಿ ನೀರಿಲ್ಲ, ನೀರು ತರುವವರು ಮನುಷ್ಯರೇ, ತಮ್ಮ ಬೆವರು ಉಸಿರುಗಳಿಂದ. ಮಿನಿಯಾಪೊಲಿಸ್‌ನ ಮನೆಗಳಲ್ಲಿ ಬಟ್ಟೆ ಒಣಗಿಸಲು ಯಂತ್ರವಿದೆ, ಗುಂಡಿ ಒತ್ತಿದರೆ ಮುಗಿಯಿತು. ಇಷ್ಟು ವರ್ಷದಲ್ಲಿ ಅವರು ಬೆಂಕಿಯ ಮೇಲೆ ಬಟ್ಟೆ ಹರವಿ ಕೂತದ್ದು ಇದೇ ಮೊದಲು.

ಒಣಗಿಸುವ ಒಲೆ ಇಲ್ಲದೆ ಚಳಿಗಾಲದಲ್ಲಿ ಮಲಗಿದವರಿಗೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಸಾಕ್ಷಿ ಇದೆ. 1911ರ ಅಂಟಾರ್ಕ್ಟಿಕ ಚಳಿಗಾಲದಲ್ಲಿ ಎಂಪರರ್ ಪೆಂಗ್ವಿನ್ ಮೊಟ್ಟೆ ತರಲು ಹೋದ ವಿಲ್ಸನ್, ಬೋವರ್ಸ್, ಚೆರಿ-ಗ್ಯಾರಾರ್ಡ್ ಎಂಬ ಮೂವರು ಅನ್ವೇಷಕರು ಹಿಮಸಾರಂಗದ ಚರ್ಮದ ಚೀಲಗಳಲ್ಲಿ ಮಲಗುತ್ತಿದ್ದರು. ಐದು ವಾರದಲ್ಲಿ ಅವರದೇ ಉಸಿರು ಬೆವರು ಚೀಲದೊಳಗೆ ಮಂಜುಗಡ್ಡೆಯಾಗಿ ತೂಕ ವಿಪರೀತ ಏರಿತು. ರಾತ್ರಿ ಚೀಲ ಕರಗಿಸಿ ಒಳಗೆ ತೂರುವುದೇ ದೊಡ್ಡ ಹಿಂಸೆಯಾಯಿತು. ಚಳಿ ಅವರನ್ನು ಕಾಡಿದ್ದು ನಿಜ, ಅದಕ್ಕೆ ದಾರಿ ಮಾಡಿಕೊಟ್ಟದ್ದು ಒದ್ದೆ.

ಊಟಕ್ಕೆ ಒಜಿಬ್ವೆಯವರು ಮನೂಮಿನ್ ಎನ್ನುವ ಕಾಡಕ್ಕಿ. ನಮ್ಮ ಭತ್ತದ ದೂರದ ನೆಂಟ. ಆಳವಿಲ್ಲದ ಸರೋವರಗಳಲ್ಲಿ ತಾನಾಗಿ ಬೆಳೆಯುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ದೋಣಿಯಲ್ಲಿ ಕೂತು ತೆನೆಯನ್ನು ಕೋಲಿನಿಂದ ಬಾಗಿಸಿ, ಇನ್ನೊಂದು ಕೋಲಿನಿಂದ ಮೆಲ್ಲಗೆ ಬಡಿದು ಉದುರಿಸಿಕೊಳ್ಳುತ್ತಾರೆ. ಬೆಂದಾಗ ಕಪ್ಪು ಕಾಳು ಸೀಳಿ ಒಳಗಿನ ಬಿಳಿ ಕಾಣುತ್ತದೆ, ಹುರಿದ ಹೊಗೆಯ ಘಮ ಬರುತ್ತದೆ. ತೀರ್ಥಹಳ್ಳಿಯವರು ಮೀನು ತಿನ್ನುವುದಿಲ್ಲ. ಕಾಡಕ್ಕಿಗೆ ತಮ್ಮ ಸಾರಿನ ಪುಡಿ ಉದುರಿಸಿ, ಕಲ್ಲಾಗಿದ್ದ ತುಪ್ಪವನ್ನು ಕೊಡಲಿಯಿಂದ ಚೂರು ಮಾಡಿ ಹಾಕಿಕೊಂಡರು. ಟ್ರೌಟ್ ಮೀನು ಬೆಣ್ಣೆಯಲ್ಲಿ ಬೆಂದು ಹುಡುಗನ, ಮಾರ್ಗದರ್ಶಿಯ ಪಾಲಾಯಿತು. ಮಾರ್ಗದರ್ಶಿ ಊಟದ ನಡುವೆ ಬೆಣ್ಣೆಯ ಗಟ್ಟಿಯನ್ನೇ ಕಚ್ಚಿ ತಿಂದಳು. ಇಂಥ ಚಳಿಯಲ್ಲಿ ಮೈಗೆ ಒಳಗಿನ ಸೌದೆ ಕೊಬ್ಬೇ. ಮನೆಯಿಂದ ತಂದ ಚಪಾತಿಗಳು ಒಂದಕ್ಕೊಂದು ಅಂಟಿ ಒಂದೇ ಹಲಗೆಯಾಗಿದ್ದವು. ಅವಲಕ್ಕಿಗೆ ಮಾತ್ರ ಯಾವ ಚಳಿಯೂ ಏನೂ ಮಾಡಿರಲಿಲ್ಲ. ಮೊದಲೇ ಒಣಗಿಸಿದ ತಿನಿಸೇ ಈ ಊರಿಗೆ ಸರಿ ಎಂದು ಅದನ್ನು ಕಂಡುಹಿಡಿದವರಿಗೆ ಗೊತ್ತಿರಲಿಲ್ಲ, ಪಾಪ.

ನೀರು ಸರೋವರದ ತೂತಿನಿಂದಲೇ ಬಂತು. ಹಿಮ ಕರಗಿಸಿ ನೀರು ಮಾಡುವುದು ಸೌದೆಗೆ ದಂಡ. ಪಾತ್ರೆ ತುಂಬ ಹಿಮ ಕರಗಿದರೆ ತಳದಲ್ಲಿ ಒಂದಿಷ್ಟು ನೀರು. ತೂತಿನ ಬಾಯಿಗೆ ಹಿಮ ಮುಚ್ಚಿಟ್ಟರೆ ಬೆಳಗ್ಗೆ ಬೇಗ ಒಡೆಯುತ್ತದೆ.

ರಾತ್ರಿ ಒಂಬತ್ತಕ್ಕೆ ಮಾರ್ಗದರ್ಶಿ ಒಲೆಗೆ ಕಟ್ಟಿಗೆ ಹಾಕುವುದನ್ನು ನಿಲ್ಲಿಸಿದಳು. ಫಿನ್‌ಲ್ಯಾಂಡಿನ ಸೇನೆಯ ಡೇರೆಗಳಲ್ಲಿ ಸರದಿಯ ಮೇಲೆ ಒಬ್ಬ ಎದ್ದು ಕೂತು ಒಲೆ ಕಾಯುತ್ತಾನೆ. ಕಾಯುವವರಿಲ್ಲದ ಕಡೆ ಉರಿ ಆರಿಸಿ ಮಲಗುವುದೇ ನಿಯಮ. ಕಿಡಿಯ ಭಯ ಒಂದು, ಇಂಗಾಲದ ಮೊನಾಕ್ಸೈಡ್ ಇನ್ನೊಂದು. ಬಣ್ಣ ವಾಸನೆ ಯಾವುದೂ ಇಲ್ಲದ ಆ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಕೊಳವೆಗೆ ಮಸಿ ಕಟ್ಟಿದರೆ, ಗಾಳಿ ತಡೆಯಲೆಂದು ಡೇರೆಯ ಅಂಚಿಗೆಲ್ಲ ಹಿಮ ಒತ್ತಿಬಿಟ್ಟರೆ ಅಪಾಯ ಕಾದಿರುತ್ತದೆ. ಸಣ್ಣ ಸೂಚಕ ಯಂತ್ರ ತಂದಿದ್ದರು. ಬ್ಯಾಟರಿ ಚಳಿಗೆ ಸೋಲದಿರಲೆಂದು ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು. ಕೆಳಗೆ ಒಂದು ಕಿಂಡಿ, ಮೇಲೆ ಒಂದು ಕಿಂಡಿ ರಾತ್ರಿಯಿಡೀ ತೆರೆದಿದ್ದವು.

ಉರಿ ಆರಿದ ಮೇಲೆ ಉಳಿದ ರಾತ್ರಿ ಸ್ಲೀಪಿಂಗ್ ಬ್ಯಾಗಿನದು. ಕೆಳಗೆ ಎರಡು ಪದರ ಫೋಮಿನ ಹಾಸು, ಕಾಲ ಬಳಿ ಬಿಸಿನೀರಿನ ಬಾಟಲಿ, ಬೂಟಿನ ಒಳಪದರವೂ ಬ್ಯಾಗಿನೊಳಗೇ. ಒಣ ಕಾಲುಚೀಲ, ಒಣ ಬ್ಯಾಗು. ಹಾಗಾಗಿ ಮೈನಸ್ ಇಪ್ಪತ್ತೊಂಬತ್ತರಲ್ಲೂ ನಿದ್ದೆ ಬಂತು. ಸಂಜೆಯ ಬಿಸಿ ಆರಿ ಗಂಟೆಗಳಾಗಿದ್ದವು, ಅದು ಒಣಗಿಸಿಟ್ಟ ಬಟ್ಟೆ ಮಾತ್ರ ಮೈಮೇಲಿತ್ತು. ನಡುರಾತ್ರಿ ಸರೋವರದ ಗಡ್ಡೆ ಚಳಿಗೆ ಕುಗ್ಗಿ ಬಿರಿಯುವ ಸದ್ದು ದಡದಿಂದ ದಡಕ್ಕೆ ಓಡಿತು. ಗುಡುಗಿನ ಹಾಗೆ ಅಲ್ಲ, ಬಿಗಿದ ತಂತಿ ಮೀಟಿದ ಹಾಗೆ ಅನ್ನಬೇ​ಕು. ಹುಡುಗ ಎದ್ದು ಕೂತ. ಮಾರ್ಗದರ್ಶಿ ಗೊರಕೆ ನಿಲ್ಲಿಸಲಿಲ್ಲ.

ಬೆಳಗ್ಗೆ ನೈಲಾನಿನ ಒಳಮೈಗೆಲ್ಲ ಬಿಳಿ ಮಂಜಿನ ಪುಡಿ. ಮೂವರ ರಾತ್ರಿಯ ಉಸಿರು ಅದು. ಕಂಬಕ್ಕೆ ಮೊಣಕೈ ತಾಗಿದರೆ ಕುತ್ತಿಗೆಗೆ ಉದುರುತ್ತದೆ. ಒಲೆ ಹೊತ್ತಿಸಿದರೆ ಕರಗಿ ತೊಟ್ಟಿಕ್ಕುತ್ತದೆ. ಆದ್ದರಿಂದ ಮೊದಲು ಕೈಗವಸಿನಿಂದ ಅದನ್ನು ಬಡಿದು ಉದುರಿಸಿ, ಗುಡಿಸಿ, ಆಮೇಲೆ ಬೆಂಕಿ. ಕ್ಯಾನ್ವಾಸಿನವರು ಇದನ್ನು ನೋಡಿ ನಗುತ್ತಾರೆ, ಮಾರ್ಗದರ್ಶಿಯೂ ನಕ್ಕಳು. ಹಿಂದಿನ ರಾತ್ರಿಯೇ ಒಲೆಯೊಳಗೆ ತೊಗಟೆ, ಕಡ್ಡಿ, ಚಕ್ಕೆ ಜೋಡಿಸಿಟ್ಟಿದ್ದರಿಂದ ಬ್ಯಾಗಿನಿಂದ ಒಂದೇ ಕೈ ಹೊರಗೆ ಚಾಚಿ ಹೊತ್ತಿಸಿದಳು. ಹೊರಗೆ ಕೆನಡಾ ಜೇ ಎಂಬ ಬೂದುಹಕ್ಕಿ ಜೋಡಿ ಬಂದು ಕೂತಿತ್ತು. ಸಿಕ್ಕ ತಿನಿಸನ್ನು ಎಂಜಲಿನಿಂದ ಅಂಟಿಸಿ ಮರದ ಸಂದಿಗಳಲ್ಲಿ ಬಚ್ಚಿಡುವ ಈ ಹಕ್ಕಿ, ಬೇರೆ ಎಷ್ಟೋ ಹಕ್ಕಿಗಳು ದಕ್ಷಿಣಕ್ಕೆ ಹಾರಿದ ಮೇಲೂ ಇಲ್ಲೇ ಉಳಿದು ಚಳಿಗಾಲ ಮುಗಿಯುವ ಮೊದಲೇ ಗೂಡು ಕಟ್ಟುತ್ತದೆ. ನೆಲಕ್ಕೆ ಬಿದ್ದ ಅವಲಕ್ಕಿ ಅದಕ್ಕೂ ಹಿಡಿಸಿತು.

ಬಿಡಾರ ಎತ್ತುವುದಕ್ಕೆ ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಬೂದಿ ಪೂರ್ತಿ ಆರಿದ್ದನ್ನು ಕೈಯಿಂದ ಮುಟ್ಟಿ ನೋಡಿ ಚೆಲ್ಲಿದರು. ಕೊಳವೆಯನ್ನು ಇಬ್ಬರು ಎರಡು ತುದಿ ಹಿಡಿದು ಹಾಳೆಯಾಗಿ ಬಿಡಿಸಿ, ಮಸಿ ಕೊಡವಿ, ಬೇರೆ ದಿಕ್ಕಿಗೆ ಸುತ್ತಿದರು; ಅಂಚು ಬ್ಲೇಡಿನಷ್ಟು ಚೂಪು, ಕೈಗವಸಿಲ್ಲದೆ ಮುಟ್ಟುವ ಹಾಗಿಲ್ಲ. ಹೂತ ಕೋಲುಗಳನ್ನು ಕೊಡಲಿಯ ಹಿಂಬದಿಯಿಂದ ಕುಟ್ಟಿ ಬಿಡಿಸಬೇಕಾಯಿತು. ಡೇರೆ ಹೊರಟಾಗ ಎಷ್ಟು ಚಿಕ್ಕ ಗಂಟಾಗಿತ್ತೋ ಈಗ ಅದರ ಎರಡರಷ್ಟು, ಮಂಜು ಹಿಡಿದು ಗರಿಗರಿ. ಚೀಲಕ್ಕೆ ತುರುಕಲು ಮೂರು ಜನ ಬೇಕಾದರು. ಮಿನಿಯಾಪೊಲಿಸ್ ತಲುಪುವಷ್ಟರಲ್ಲಿ ಕಾರಿನ ಬಿಸಿಗೆ ಅದು ಕರಗಿ ಡಿಕ್ಕಿಯ ತಳದಲ್ಲಿ ನೀರು ನಿಂತಿತ್ತು. ಆ ವಾರವಿಡೀ ಡೇರೆ ತೀರ್ಥಹಳ್ಳಿಯವರ ಮನೆಯ ನೆಲಮಾಳಿಗೆಯಲ್ಲಿ ಎರಡು ಹಗ್ಗದ ಮೇಲೆ ಹರಡಿಕೊಂಡಿತ್ತು. ಹೊಲಿಗೆಗಳ ಸಂದಿಯೂ ಒಣಗಿದ ಮೇಲೆ ಕಿಡಿ ಬಿದ್ದು ಆಗಿದ್ದ ಎರಡು ಸಣ್ಣ ತೂತಿಗೆ ಸಿಲಿಕೋನ್ ಅಂಟು ಹಚ್ಚಿ, ಮಡಚಿ ಕಪಾಟಿಗೆ ಸೇರಿಸಿದರು.